ಪೋಲಿಯೊ ಬಾಧಿತರ ಮೂಳೆ ಮುರಿತ: ಬೇಕು ವಿಶೇಷ ಎಚ್ಚರ

ವಿಶ್ವ ಆರೋಗ್ಯ ಸಂಸ್ಥೆಯು 2014ರ ಮಾರ್ಚ್‌ನಲ್ಲಿ ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊಮುಕ್ತವೆಂದು ಪ್ರಮಾಣೀಕರಿಸಿತು. ಇದು ಹೆಮ್ಮೆಯ ಸಾಧನೆ. ಆದರೆ 1995ರಲ್ಲಿ ಪಲ್ಸ್ ಪೋಲಿಯೊ ಅಭಿಯಾನ ಆರಂಭವಾಗುವ ಮುನ್ನವೇ ರೋಗಕ್ಕೆ ತುತ್ತಾದವರಲ್ಲಿ ಹಲವರು ಈಗ ನಡುವಯಸ್ಸು ದಾಟಿದ್ದಾರೆ. ಬಿದ್ದು ಕಾಲು ಮುರಿದುಕೊಳ್ಳುವ ಅಪಾಯ ಅವರಿಗೆ ಹೆಚ್ಚು. ಅವರ ಚಿಕಿತ್ಸೆಗೆ ನಮ್ಮ ಆಸ್ಪತ್ರೆಗಳು ಸಜ್ಜಾಗಬೇಕಿದೆ.

ಸ್ನಾಯುಗಳ ಎಳೆತ, ದೇಹದ ಭಾರ ಸಾಕಷ್ಟು ಬೀಳದ ಕಾಲಿನ ಮೂಳೆ ತೆಳುವಾಗಿಯೇ ಬೆಳೆಯುತ್ತದೆ. ಅದರ ಒಳನಾಳವೂ ಕಿರಿದು. ಸಾಮಾನ್ಯ ಅಳತೆಯ ರಾಡು ಅದರಲ್ಲಿ ಹಿಡಿಸದಿರಬಹುದು, ಸ್ಕ್ರೂ ಬಿಗಿಯಾಗಿ ನಿಲ್ಲದಿರಬಹುದು. ಹಾಗೆಂದು ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಮಲಗಿಸಿದರೆ ಅಳಿದುಳಿದ ಸ್ನಾಯುಬಲವೂ ಕುಗ್ಗುತ್ತದೆ. ಮೂಳೆ ಕೂಡಿದರೂ ನಡಿಗೆ ಮರಳದು.

ಆದ್ದರಿಂದ ಎಕ್ಸ್‌ರೇ ಒಂದನ್ನೇ ನೋಡಿ ಚಿಕಿತ್ಸೆ ನಿರ್ಧರಿಸುವುದು ತರವಲ್ಲ. ಬೀಳುವ ಮುನ್ನ ರೋಗಿ ಹೇಗೆ ನಡೆಯುತ್ತಿದ್ದರು, ಕ್ಯಾಲಿಪರ್ ಧರಿಸುತ್ತಿದ್ದರೇ ಎಂಬುದನ್ನು ವೈದ್ಯರು ಮೊದಲು ಕೇಳಬೇಕು. ಮಂಡಿ ತುಸು ಹಿಂದಕ್ಕೆ ಬಾಗಿರುವುದರಿಂದಲೇ ಕೆಲವರು ಆ ಕಾಲೂರಿ ನಿಲ್ಲಬಲ್ಲರು. ಅದನ್ನು ದೋಷವೆಂದು ತಿದ್ದಲು ಹೊರಟರೆ ಇದ್ದ ಆಸರೆಯೂ ತಪ್ಪುತ್ತದೆ. ಹಿಂದಿನ ನಡಿಗೆಯನ್ನು ಮರಳಿಸುವುದೇ ಚಿಕಿತ್ಸೆಯ ಗುರಿಯಾಗಬೇಕು.

ಅಂಗವಿಕಲರಿಗೆ ಚಿಕಿತ್ಸೆಯಲ್ಲಿ ಆದ್ಯತೆ ನೀಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮೂಳೆತಜ್ಞರು, ಫಿಸಿಯೊಥೆರಪಿಸ್ಟರು ಹಾಗೂ ಕ್ಯಾಲಿಪರ್ ತಯಾರಕರು ಒಟ್ಟಾಗಿ ಕೆಲಸ ಮಾಡುವ ವ್ಯವಸ್ಥೆ ರೂಪಿಸಿದರೆ ಆ ಮಾತಿಗೆ ಅರ್ಥ ಬರುತ್ತದೆ. ಪೋಲಿಯೊ ವಿರುದ್ಧದ ಗೆಲುವನ್ನು ಸಂಭ್ರಮಿಸಿದ ಸರ್ಕಾರ, ಆ ಗೆಲುವಿಗೆ ಮುನ್ನವೇ ನೊಂದವರನ್ನು ಮರೆಯಬಾರದು.