ಆಯಿಲ್ ಬಿಸಿ ಅಳೆಯೋಣ, ಆದರೆ ಚೇಂಬರಿನ ತಳದಲ್ಲಿ ಬೇಡ

ಹಳ್ಳಿಯ ಬಾಡಿಗೆ ಕಾರಿಗೆ ಆಯಿಲ್ ಟೆಂಪರೇಚರ್ ಸೆನ್ಸರ್ ಯಾಕೆ ಎಂದು ಕೇಳುವವರಿದ್ದಾರೆ. ಘಾಟಿ ಹತ್ತುವವರಿಗೇ ಅದು ಹೆಚ್ಚು ಬೇಕು ಎನ್ನುತ್ತೇವೆ ನಾವು. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಕೂಲಂಟಿನ ಬಿಸಿಯನ್ನು ಮಾತ್ರ. ಜನ ತುಂಬಿಕೊಂಡು ಆಗುಂಬೆಯ 14 ತಿರುವು ಹತ್ತುವಾಗ ಆ ಮುಳ್ಳು ಅಲ್ಲಾಡದಿದ್ದರೂ ಒಳಗೆ ಆಯಿಲ್ ಕಾಯುತ್ತಲೇ ಇರಬಹುದು. 130 ಡಿಗ್ರಿ ದಾಟಿದರೆ ಅದು ತೀರಾ ತೆಳುವಾಗುತ್ತದೆ, ಬೇಗ ಕೆಡುತ್ತದೆ. ಪೆಟ್ಟು ಬೀಳುವುದು ಬೇರಿಂಗಿಗೆ.

ನಮ್ಮ ತಕರಾರು ಸೆನ್ಸರ್ ಕೂರಿಸುವ ಜಾಗದ ಬಗ್ಗೆ. ಡ್ರೈನ್ ಬೋಲ್ಟ್ ತೆಗೆದು ಅಲ್ಲೇ ಸೆನ್ಸರ್ ತಿರುಗಿಸುವುದು ಸುಲಭ, ಅಗ್ಗ. ಆದರೆ ಹಲವು ಕಾರುಗಳಲ್ಲಿ ಆ ಬೋಲ್ಟ್ ಇರುವುದು ಚೇಂಬರಿನ ತಳದಲ್ಲಿ. ನಮ್ಮೂರ ಹಂಪು, ಎದ್ದ ಜಲ್ಲಿ ಮೊದಲು ತಾಗುವುದೂ ಅಲ್ಲಿಗೇ. ಚಾಚಿಕೊಂಡ ಸೆನ್ಸರ್ ಮುರಿದರೆ ಆಯಿಲೆಲ್ಲ ರಸ್ತೆಪಾಲು. ಗಮನಿಸದೆ ಓಡಿಸಿದರೆ ಎಂಜಿನ್ ಜಾಮ್. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಚೇಂಬರ್ ಬಿಚ್ಚಿಸಿ, ಆಯಿಲಿನ ಪಸೆ ಹೋಗುವಂತೆ ತೊಳೆಸಿ. ಪಕ್ಕದ ಗೋಡೆಯಲ್ಲಿ, ಆಯಿಲ್ ಮಟ್ಟಕ್ಕಿಂತ ಕೆಳಗೆ, ಕ್ರ್ಯಾಂಕಿಗೂ ಆಯಿಲ್ ಹೀರುವ ಪೈಪಿಗೂ ತಾಗದಂತೆ ನಟ್ ವೆಲ್ಡ್ ಮಾಡಿಸಿ ಅದರಲ್ಲಿ ಸೆನ್ಸರ್ ಕೂರಿಸಿ. ಒಂದೇ ವೈರಿನ ಸೆನ್ಸರಿಗೆ ಬಾಡಿಯೇ ಅರ್ತಿಂಗ್. ಥ್ರೆಡ್ಡಿಗೆ ಸಿಕ್ಕಾಪಟ್ಟೆ ಟೆಫ್ಲಾನ್ ಟೇಪ್ ಸುತ್ತಿ ಅದನ್ನು ಕೆಡಿಸಿದರೆ ಮುಳ್ಳು ಇರುವುದಕ್ಕಿಂತ ಕಡಿಮೆ ಬಿಸಿ ತೋರಿಸೀತು.

ಇಷ್ಟಕ್ಕೆ ಗಾಡಿ ಒಂದು ದಿನವಾದರೂ ಗ್ಯಾರೇಜಿನಲ್ಲಿ ನಿಲ್ಲಬೇಕು, ಬಾಡಿಗೆ ತಪ್ಪುತ್ತದೆ ನಿಜ. ಅಷ್ಟು ಪುರಸೊತ್ತಿಲ್ಲದಿದ್ದರೆ ತಳಕ್ಕೆ ಸೆನ್ಸರ್ ಹಾಕಿಸುವುದಕ್ಕಿಂತ ಹಾಕಿಸದೇ ಇರುವುದು ಮೇಲು.