ಎರಡನೆಯವನು

ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಮಕ್ಕಳ ಲಿಂಬೆ-ಚಮಚದ ಓಟವನ್ನು ನೋಡಿದವರಿಗೆ ನಮ್ಮ ಕಿರಿಯವನ ನೆನಪಿರಬಹುದು. ಎರಡನೆಯ ಬಹುಮಾನದ ಸ್ಟೀಲ್ ಲೋಟವನ್ನು ತೆಗೆದುಕೊಳ್ಳಲು ಒಪ್ಪದೆ ವೇದಿಕೆಯ ಹಿಂದೆ ಅಡಗಿದವನು ಅವನೇ. ಲೋಟವನ್ನು ಕೊನೆಗೆ ಮನೆಯಾಕೆ ಹೋಗಿ ತಂದಳು. ರಾತ್ರಿ ಊಟಕ್ಕೂ ಏಳಲಿಲ್ಲ. “ಎರಡನೆಯವನು ಅಂದರೆ ಸೋತವನೇ ತಾನೆ, ಅಪ್ಪಾ?” ಎಂದು ಕೇಳಿದ.

ಕಚೇರಿಯ ಬಡ್ತಿಯ ಪಟ್ಟಿಯಲ್ಲಿ ಆರು ವರ್ಷದಿಂದ ಎರಡನೆಯ ಹೆಸರಾಗಿಯೇ ಕುಳಿತಿರುವ ಗುಮಾಸ್ತನನ್ನು ಕೇಳುವ ಪ್ರಶ್ನೆಯೆ ಇದು! ಉಪದೇಶ ಮಾಡುವ ಯೋಗ್ಯತೆ ನನಗಿರಲಿಲ್ಲ. ಒಂದು ಕಥೆ ಹೇಳಿದೆ. ಓದುಗರೂ ಕೇಳಬಹುದು.

ಸ್ಪೀಡ್‌ವೇ ಎಂಬ ಮೋಟಾರ್ ಸೈಕಲ್ ಪಂದ್ಯವೊಂದಿದೆ. ಮೊಟ್ಟೆಯಾಕಾರದ ಮಣ್ಣಿನ ಹಾದಿ; ನಾಲ್ಕು ಜನ ಸವಾರರು, ನಾಲ್ಕು ಸುತ್ತು. ಗಾಡಿಗೆ 500 ಸಿ.ಸಿ. ಎಂಜಿನ್ನುಂಟು, ಗೇರು ಒಂದೇ, ಬ್ರೇಕು ಇಲ್ಲವೇ ಇಲ್ಲ! ಕುಡಿಯುವುದು ಪೆಟ್ರೋಲನ್ನಲ್ಲ, ಮೆಥನಾಲನ್ನು. ತಿರುವಿನಲ್ಲಿ ಸವಾರನು ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಊರಿ, ಮಣ್ಣೆರಚುತ್ತ ಹೊರಳುತ್ತಾನೆ. ಮೊದಲು ಬಂದವನಿಗೆ 3 ಅಂಕ, ಆಮೇಲೆ 2, 1, ಕೊನೆಯವನಿಗೆ ಸೊನ್ನೆ.

ಉರಲ್ ಪರ್ವತಗಳ ಪಶ್ಚಿಮಕ್ಕೆ ಉಫಾ ಎಂಬ ಊರು. ಅಲ್ಲಿ 1933ರಲ್ಲಿ ಹುಟ್ಟಿದವನು ಈಗೊರ್ ಪ್ಲೆಖಾನೋವ್. ಸೋವಿಯತ್ ಒಕ್ಕೂಟಕ್ಕೆ ಈ ಆಟ ಕಾಲಿಟ್ಟದ್ದು 1950ರ ದಶಕದ ಕೊನೆಗೆ. ಯುಕ್ರೇನಿನ ರಿವ್ನೆಯಲ್ಲಿಯೂ ಅದು ಬೇರೂರಿತು. ವಿಕ್ಟರ್ ಟ್ರೋಫಿಮೋವ್ ಆ ಊರಿನ ಸವಾರ. ಇಂಗ್ಲೆಂಡ್, ಸ್ವೀಡನ್‌ಗಳವರು ಹತ್ತಾರು ವರ್ಷಗಳಿಂದ ಪಳಗಿದ್ದ ಆಟಕ್ಕೆ ಇವರು ಹೊಸಬರು.

1964ರ ವಿಶ್ವ ಅಂತಿಮ ಪಂದ್ಯ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ. ಹದಿನಾರು ಸವಾರರು, ತಲೆಗೆ ಐದು ಓಟ. ನ್ಯೂಜಿಲೆಂಡಿನ ಬ್ಯಾರಿ ಬ್ರಿಗ್ಸ್ ಐದನ್ನೂ ಗೆದ್ದು 15 ಅಂಕ ಗಳಿಸಿದ. ಪ್ಲೆಖಾನೋವನಿಗೆ 13. ಆದರೆ ಇನ್ನೊಬ್ಬನಿಗೂ 13! ಅವನೋ ಓವೆ ಫುಂಡಿನ್. ಅಷ್ಟರಲ್ಲೇ ನಾಲ್ಕು ಸಲ ವಿಶ್ವ ವಿಜೇತನಾಗಿದ್ದ ಸ್ವೀಡನ್ನಿನ ಮನೆಮಗ. ಎರಡನೆಯವನು ಯಾರೆಂದು ತೀರ್ಮಾನಿಸಲು ಇಬ್ಬರೂ ಮತ್ತೊಮ್ಮೆ ಓಡಬೇಕಾಯಿತು. ಫುಂಡಿನ್ನನ ಜನರ ಎದುರಿನಲ್ಲೇ ಪ್ಲೆಖಾನೋವ್ ಗೆದ್ದ. ಸೋವಿಯತ್ ಸವಾರನೊಬ್ಬ ಈ ಪಂದ್ಯದಲ್ಲಿ ಅಷ್ಟೆತ್ತರಕ್ಕೆ ಏರಿದ್ದು ಅದೇ ಮೊದಲು.

ಮರುವರ್ಷ ಲಂಡನ್ನಿನ ವೆಂಬ್ಲಿ. ಸ್ವೀಡನ್ನಿನ ಬ್ಯೋರ್ನ್ ಕ್ನುಟ್‌ಸನ್ 14 ಅಂಕ ಗಳಿಸಿ ವಿಜೇತನಾದ. ಪ್ಲೆಖಾನೋವ್ 13, ಫುಂಡಿನ್ 13! ಮತ್ತೆ ಅದೇ ಇಬ್ಬರು, ಮತ್ತೆ ಒಂದು ಓಟ, ಮತ್ತೆ ಪ್ಲೆಖಾನೋವನದೇ ಗೆಲುವು. ಒಂದೇ ಒಂದು ಅಂಕ ಹೆಚ್ಚು ಸಿಕ್ಕಿದ್ದರೆ ಮೊದಲ ಸ್ಥಾನಕ್ಕೇ ಓಡಬಹುದಿತ್ತು.

ಮಗ ಎದ್ದು ಕುಳಿತಿದ್ದ. “ಹಾಗಾದರೆ ಮುಂದಿನ ವರ್ಷ ಮೊದಲನೆಯವನಾದನೆ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಇಲ್ಲ ಮಗು, ಎಂದೂ ಆಗಲಿಲ್ಲ. ರಷ್ಯದವನೊಬ್ಬ, ಆರ್ತ್ಯೋಮ್ ಲಗುತಾ, ಮೊದಲ ಬಾರಿಗೆ ವಿಶ್ವ ವಿಜೇತನಾದದ್ದು 2021ರಲ್ಲಿ. ಪ್ಲೆಖಾನೋವ್ 2007ರಲ್ಲೇ ತೀರಿಕೊಂಡಿದ್ದ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಆದರೆ ಎರಡನೆಯ ಸ್ಥಾನವನ್ನು ಅವನಿಗೆ ಯಾರೂ ಸುಮ್ಮನೆ ಕೊಡಲಿಲ್ಲ ಅಲ್ಲವೆ? ಎರಡು ಸಲವೂ ಗೆದ್ದೇ ತೆಗೆದುಕೊಂಡ,” ಎಂದ.

ನನಗೆ ಹೊಳೆಯದಿದ್ದ ಮಾತು. ನಾವು ಪಟ್ಟಿಯನ್ನು ಮೇಲಿನಿಂದ ಮಾತ್ರ ಓದುತ್ತೇವೆ. ಎರಡನೆಯ ಹೆಸರಿನ ಮೇಲಿರುವವನು ಒಬ್ಬನೇ. ಕೆಳಗೆ ಎಷ್ಟು ಜನರಿದ್ದಾರೆ, ಅವರಿಗಿಂತ ಮುಂದಾಗಲು ಎಷ್ಟು ಬೆವರು ಸುರಿದಿದೆ ಎಂದು ನೋಡುವುದಿಲ್ಲ. ಹಾಗೆಂದು ಮೊದಲನೆಯ ಸ್ಥಾನದ ಆಸೆ ಬಿಡಬೇಕೆಂದಲ್ಲ. ಪ್ಲೆಖಾನೋವನೂ ಬಿಟ್ಟಿರಲಾರ.

ಮರುದಿನ ಬೆಳಿಗ್ಗೆ, “ಹಾಲು ಆ ಲೋಟದಲ್ಲಿ ಕೊಡಮ್ಮಾ” ಎಂಬ ಮಾತು ಅಡಿಗೆಮನೆಯಿಂದ ಕೇಳಿಸಿತು. ನಾನೂ ಎಂದಿನ ಬಸ್ಸು ಹಿಡಿದು ಕಚೇರಿಗೆ ಹೊರಟೆ.