ಮಲಗುವ ಗಾಡಿಗೆ ಕಾವಲು ಯಾರು?

ವಾರವಿಡೀ ದುಡಿದು ದಣಿದ ನಮ್ಮ ಯುವಕ ಯುವತಿಯರು ಶನಿವಾರ ಬಂತೆಂದರೆ ಊರು ಬಿಟ್ಟು ಹೊರಡುತ್ತಾರೆ. ಹೊರಡಲಿ! ನಾಡು ನೋಡದವರು ನಾಡನ್ನು ಪ್ರೀತಿಸುವುದಾದರೂ ಹೇಗೆ? ಈಗ ಅದಕ್ಕೆಂದೇ ಕ್ಯಾರವಾನ್‌ಗಳು ಬಾಡಿಗೆಗೆ ಸಿಗುತ್ತಿವೆ. ಹಾಸಿಗೆ, ಒಲೆ, ಎ.ಸಿ. ಎಲ್ಲವೂ ಗಾಡಿಯೊಳಗೇ. ಟಿ.ವಿ. ಎಷ್ಟು ದೊಡ್ಡದು ಎಂದು ವಿಚಾರಿಸುವ ನಾವು, ರಾತ್ರಿ ಬೆಂಕಿ ಬಿದ್ದರೆ ಎಬ್ಬಿಸುವವರು ಯಾರು ಎಂದು ಕೇಳಿದ್ದೇವೆಯೇ?

2023ರ ಆಗಸ್ಟ್ 26ರ ನಸುಕಿನಲ್ಲಿ ಮಧುರೈನಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಗೆ ಬೆಂಕಿ ಬಿತ್ತು. ಕಾರಣ, ನಿಯಮ ಮುರಿದು ತಂದಿದ್ದ ಗ್ಯಾಸ್ ಸಿಲಿಂಡರ್. 9 ಜನ ಸತ್ತರು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಹೆಣವಾಗಿ ಸಿಕ್ಕರು. ಅಲ್ಲಿ ಬೆಂಕಿ ಬಿದ್ದಿರಲಿಲ್ಲ. ಜನರೇಟರ್ ಉಗುಳಿದ ಕಾರ್ಬನ್ ಮೊನಾಕ್ಸೈಡ್ ಒಳಗೆ ನುಗ್ಗಿತ್ತು. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಚಾವಣಿಗೆ ಸ್ಮೋಕ್ ಡಿಟೆಕ್ಟರ್ ಅಂಟಿಸಿದರೆ ಹೊಣೆ ಮುಗಿಯಿತೇ? ಬ್ಯಾಟರಿ ಸತ್ತರೆ ಕಾವಲುಗಾರನೂ ಸತ್ತಂತೆ. ಒಗ್ಗರಣೆ ಹಾಕಿದಾಗ ಕಿರುಚುತ್ತದೆಂದು ಬ್ಯಾಟರಿ ಕಿತ್ತಿಡುವ ಜಾಣರೂ ಇದ್ದಾರೆ! ಅದರ ಪರೀಕ್ಷಾ ಬಟನ್ ಒತ್ತಲು ಎರಡು ಕ್ಷಣ ಸಾಕು. ಜೋರಾಗಿ ಕೂಗಿದರೆ ಸರಿ. ಆಗಾಗ ಕಿಚ್ ಎಂದರೆ ಬ್ಯಾಟರಿ ಮುಗಿಯುತ್ತಿದೆ ಎಂದರ್ಥ. ಧೂಳು ತೆಗೆಯಬೇಕು. ತಯಾರಾಗಿ 10 ವರ್ಷ ಕಳೆದಿದ್ದರೆ ಎಸೆದು ಹೊಸದು ಹಾಕಬೇಕು. ತಯಾರಿಕೆಯ ದಿನಾಂಕ ಅದರ ಬೆನ್ನ ಮೇಲೇ ಇರುತ್ತದೆ.

ಇನ್ನೊಂದು ಮಾತು. ಹೊಗೆ ಹಿಡಿಯುವ ಯಂತ್ರ ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುವುದಿಲ್ಲ. ಅದಕ್ಕೆ ಬೇರೆ ಅಲಾರಂ ಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ಗ್ಯಾಸ್ ಅಲಾರಂ ನೆಲದ ಹತ್ತಿರವೇ ಇರಬೇಕು. ಬೆಂಕಿ ನಂದಿಸುವ ಸಿಲಿಂಡರಿನ ಮುಳ್ಳು ಹಸಿರು ಗೆರೆಯಲ್ಲಿದೆಯೇ? ಬಾಗಿಲು ಬಿಟ್ಟರೆ ಹೊರಬರಲು ಇನ್ನೊಂದು ದಾರಿ ಎಲ್ಲಿದೆ? ಮಲಗುವ ಮುನ್ನ ನೋಡಿಕೊಳ್ಳಿ. ಜನರೇಟರ್ ಓಡಿಸಿಕೊಂಡು ಮಾತ್ರ ಮಲಗಲೇಬೇಡಿ.

ಗಾಡಿ ಮಾಲೀಕರಿಗೂ ನಮ್ಮದೊಂದು ಪ್ರಶ್ನೆ. ಗಾಡಿ ನೋಡಿಕೊಳ್ಳುವವನು ಕನ್ನಡದ ಹುಡುಗ. ಎಚ್ಚರಿಕೆಯ ಸೂಚನೆಗಳೆಲ್ಲ ಇಂಗ್ಲಿಷಿನಲ್ಲೇ ಇದ್ದರೆ ಅವನು ಓದುವುದು ಹೇಗೆ? ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಅವು ಕನ್ನಡದಲ್ಲಿ, ಕಣ್ಣಿಗೆ ರಾಚುವಂತೆ ಇರಲಿ.

ಗೆಳೆಯರೇ, ಮುಂಗಡ ಕೊಡುವ ಮುನ್ನ ಬಟನ್ ಒತ್ತಿ ನೋಡಿ. ಅದು ಕೂಗದಿದ್ದರೆ ನೀವು ಕೂಗಿ: "ಈ ಗಾಡಿ ನಮಗೆ ಬೇಡ!" ಹತ್ತು ಗಿರಾಕಿಗಳು ಹೀಗೆ ಹಿಂತಿರುಗಿದರೆ ಹನ್ನೊಂದನೆಯವರಿಗೆ ಹೊಸ ಬ್ಯಾಟರಿ ತಾನಾಗಿ ಬರುತ್ತದೆ.